ಬೂಷ್ಟನ್ನು ಕರಗಿಸುವ ಬೂಷ್ಟು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ರಾಯಚೂರು ನಗರ, ಕೃಷ್ಣೆಯ ಮಗ್ಗುಲಿನ ದೇವದುರ್ಗ, ತುಂಗಭದ್ರೆಯ ಮಗ್ಗುಲಿನ ಮಾನ್ವಿ ಮೂರೂ ಈ ನಾಡಿನ ಒಳಗೇ ಬರುತ್ತವೆ. ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ, ಬಿಜಾಪುರದ ಸುಲ್ತಾನರೂ ಪದೇ ಪದೇ ಕಾದಾಡಿದ್ದು, 1520ರ ರಾಯಚೂರು ಕದನ, ಇವೆಲ್ಲ ಚರಿತ್ರೆಯ ಪುಸ್ತಕಗಳಲ್ಲಿವೆ. ಇದೇ ಎರೆ ಮಣ್ಣಿನ ಒಳಗೆ, ನೇಗಿಲು ಮುಟ್ಟುವಷ್ಟು ಆಳದಲ್ಲಿ, ಅವೆಲ್ಲಕ್ಕಿಂತ ಹಳೆಯದಾದ ಮತ್ತೊಂದು ಕಾಳಗ ಇಂದಿಗೂ ನಡೆದಿದೆ. ಅದರ ಸೋಲು ಗೆಲುವಿನ ಮೇಲೆ ಈ ಸೀಮೆಯ ಎಷ್ಟೋ ಮನೆಗಳ ವರ್ಷದ ಲೆಕ್ಕ ನಿಂತಿದೆ.

ತೊಗರಿ ಹೂವಾಡುವ ಹೊತ್ತಿಗೆ ಹೊಲದಲ್ಲಿ ಅಲ್ಲಲ್ಲಿ ಗಿಡಗಳು ಜೋತು ಬೀಳತೊಡಗುತ್ತವೆ. ನೆಲದಲ್ಲಿ ತೇವವಿದ್ದರೂ ಎಲೆ ಹಳದಿಗೆ ತಿರುಗಿ, ಕೆಲವು ದಿನಗಳಲ್ಲಿ ಇಡೀ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ತೊಗಟೆಯ ಕೆಳಗೆ ಕಪ್ಪು ಗೆರೆ ಕಾಣುತ್ತದೆ. ಪುಸ್ತಕಗಳಲ್ಲಿ ಇದು ಸೊರಗು ರೋಗ. ಕಲಬುರಗಿ, ರಾಯಚೂರು ಕಡೆಯ ರೈತರ ಬಾಯಲ್ಲಿ ನೆಟೆ ರೋಗ. ಬೇರು ಕೊಳೆಸುವ ಬೇರೆ ಶಿಲೀಂಧ್ರಗಳ ಹಾವಳಿಯೂ ಇದೇ ಹೆಸರಿನಲ್ಲಿ ಸೇರಿಕೊಳ್ಳುವುದುಂಟು. 2022ರ ಮುಂಗಾರಿನ ತೊಗರಿ ಕಲಬುರಗಿ ಸೀಮೆಯಲ್ಲಿ ನೆಟೆಗೆ ಸಿಕ್ಕಿ ಒಣಗಿದಾಗ ರಾಜ್ಯ ಸರ್ಕಾರ ಪರಿಹಾರವನ್ನೇ ಘೋಷಿಸಬೇಕಾಯಿತು.

ಸೊರಗು ರೋಗದ ಮೂಲ ಫ್ಯುಸೇರಿಯಂ ಎಂಬ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ. ಮಣ್ಣಿನಲ್ಲಿ ಅದನ್ನು ಎದುರಿಸುವ ಟ್ರೈಕೋಡರ್ಮಾ ಕೂಡ ಬೂಷ್ಟೇ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ಆದರೆ ಆ ಮುಳ್ಳಿನ ಮೊನೆ ಯಾವುದು ಎಂಬುದು ತಿಳಿಯಲು ಬಹಳ ಕಾಲ ಹಿಡಿಯಿತು. ಆ ಮೊನೆಗೆ ಇಂದು ಕಿಣ್ವ ಎಂದು ಹೆಸರು.

ಪದದ ಹಿಂದಿನ ಕಥೆ

ಕಿಣ್ವ ಎಂಬುದು ಪಠ್ಯಪುಸ್ತಕಕ್ಕಾಗಿ ಹುಟ್ಟಿಸಿದ ಪದವಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯದ ಮೇಲ್ವಿಚಾರಕನ ಕರ್ತವ್ಯಗಳನ್ನು ಹೇಳುವ ಪ್ರಕರಣದಲ್ಲೇ ಅದು ಬರುತ್ತದೆ. ಉದ್ದು, ಅಕ್ಕಿ ಮೊದಲಾದವುಗಳಿಂದ ಮಾಡಿದ, ಸುರೆ ಹುಳಿಯುವಂತೆ ಮಾಡುವ ಮುದ್ದೆಗೆ ಆಗ ಕಿಣ್ವ ಎನ್ನುತ್ತಿದ್ದರು. ಯುರೋಪಿನಲ್ಲೂ ಇದೇ ಜಾಡು. 1870ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಬಳಕೆಗೆ ತಂದ ಎನ್‌ಜೈಮ್ ಎಂಬ ಪದಕ್ಕೆ ಗ್ರೀಕ್ ಮೂಲದಲ್ಲಿ ಹುದುಗಿನೊಳಗೆ ಇರುವುದು ಎಂಬ ಅರ್ಥವಿದೆ. ಹೆಂಡದ ಗಡಿಗೆ ಮತ್ತು ರೊಟ್ಟಿಯ ಹಿಟ್ಟು ಎರಡು ನಾಗರಿಕತೆಗಳಿಗೂ ಒಂದೇ ಪಾಠ ಹೇಳಿದ್ದವು.

ಹುಳಿಯುವುದಕ್ಕೆ ಜೀವಂತ ಯೀಸ್ಟ್ ಬೇಕೇ ಬೇಕೆಂದು ಬಹುಕಾಲ ನಂಬಲಾಗಿತ್ತು. 1897ರಲ್ಲಿ ಎಡ್ವರ್ಡ್ ಬುಕ್ನರ್, ಯೀಸ್ಟನ್ನು ಅರೆದು ಹಿಂಡಿ ತೆಗೆದ, ಜೀವಕೋಶವೇ ಇಲ್ಲದ ರಸವೂ ಸಕ್ಕರೆಯನ್ನು ಹುಳಿಸಬಲ್ಲದೆಂದು ತೋರಿಸಿದ. 1907ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಅವನಿಗೆ ಬಂತು. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ದ್ವಿದಳ ಕಾಳೊಂದರಿಂದ ಮೊದಲ ಬಾರಿಗೆ ಕಿಣ್ವವನ್ನು ಹರಳಿನ ರೂಪದಲ್ಲಿ ತೆಗೆದು ಅದು ಪ್ರೋಟೀನ್ ಎಂದು ಸಾರಿದ. ಹೀಗೆ ಕಿಣ್ವ ಎಂಬುದು ನಿಗೂಢ ಶಕ್ತಿಯಾಗಿ ಉಳಿಯದೆ, ಒಂದು ನಿರ್ದಿಷ್ಟ ಬಂಧವನ್ನು ಮಾತ್ರ ಕತ್ತರಿಸುವ ಅಥವಾ ಜೋಡಿಸುವ ಸಣ್ಣ ಯಂತ್ರವೆಂದು ಗೊತ್ತಾಯಿತು.

ಜೋಳದ ರೊಟ್ಟಿಯ ತುಣುಕನ್ನು ಬಾಯಲ್ಲಿಟ್ಟು ಹೆಚ್ಚು ಹೊತ್ತು ಅಗಿದರೆ ಸಣ್ಣಗೆ ಸಿಹಿಯಾಗುತ್ತದೆ. ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುವುದೇ ಇದಕ್ಕೆ ಕಾರಣ. ಶಿಲೀಂಧ್ರಕ್ಕೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಅದು ತನ್ನ ಕಿಣ್ವಗಳನ್ನು ಹೊರಗೆ ಸುರಿದು, ಆಹಾರವನ್ನು ಹೊರಗೇ ಕರಗಿಸಿ, ಆಮೇಲೆ ಹೀರಿಕೊಳ್ಳುತ್ತದೆ. ಮೊದಲು ಜೀರ್ಣ, ಆಮೇಲೆ ಊಟ. ಟ್ರೈಕೋಡರ್ಮಾದ ಯುದ್ಧವನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಸಂಗತಿಯನ್ನು ನೆನಪಿಟ್ಟರೆ ಸಾಕು. ಅದಕ್ಕೆ ಶತ್ರುವೆಂದರೆ ಆಹಾರ.

ಗೋಡೆ ಮತ್ತು ಅದನ್ನು ಕೆಡಹುವ ಸಾಮಾನು

1811ರಲ್ಲಿ ಫ್ರಾನ್ಸಿನ ನ್ಯಾನ್ಸಿ ಪಟ್ಟಣದ ಆನ್ರಿ ಬ್ರಾಕೊನೊ ಅಣಬೆಗಳಲ್ಲಿ ಸುಲಭವಾಗಿ ಕರಗದ ಒಂದು ವಸ್ತುವನ್ನು ಗುರುತಿಸಿದ. ಅದೇ ವಸ್ತು ಜೀರುಂಡೆಗಳ ಚಿಪ್ಪಿನಲ್ಲೂ ಸಿಕ್ಕಾಗ 1823ರಲ್ಲಿ ಅದಕ್ಕೆ ಕೈಟಿನ್ ಎಂಬ ಹೆಸರು ಬಂತು. ಫ್ಯುಸೇರಿಯಂನಂಥ ಹೆಚ್ಚಿನ ಶಿಲೀಂಧ್ರಗಳ ಜೀವಕೋಶದ ಗೋಡೆಯನ್ನು ತಟ್ಟಿ ಕಟ್ಟಿ ಮಣ್ಣು ಮೆತ್ತಿದ ಗುಡಿಸಲಿನ ಗೋಡೆಗೆ ಹೋಲಿಸಬಹುದು. ಕೈಟಿನ್ ಅದರ ತಟ್ಟಿ. ಗ್ಲೂಕನ್ ಎಂಬ ಇನ್ನೊಂದು ಸರಪಣಿ ವಸ್ತು ಮತ್ತು ಪ್ರೋಟೀನ್ ಅದರ ಮೆತ್ತಿಗೆ. ಗಿಡಗಳ ಗೋಡೆ ಬೇರೆ. ಅದು ಮುಖ್ಯವಾಗಿ ಸೆಲ್ಯುಲೋಸಿನದು, ಅಲ್ಲಿ ಕೈಟಿನ್ ಇಲ್ಲ. ಆದ್ದರಿಂದ ಕೈಟಿನ್ ಕತ್ತರಿಸುವ ಕಿಣ್ವ ಬೂಷ್ಟಿನ ಗೋಡೆಯನ್ನು ಒಡೆದರೂ ಬೆಳೆಯ ಬೇರಿಗೆ ಕೈ ಹಚ್ಚುವುದಿಲ್ಲ.

ಟ್ರೈಕೋಡರ್ಮಾದ ಬಳಿ ಈ ಮೂರಕ್ಕೂ ಬೇರೆ ಬೇರೆ ಸಾಮಾನಿವೆ. ತಟ್ಟಿಯನ್ನು ಕಡಿಯಲು ಕೈಟಿನೇಸ್, ಮೆತ್ತಿಗೆ ಉದುರಿಸಲು ಗ್ಲೂಕನೇಸ್, ಪ್ರೋಟೀನ್ ಕರಗಿಸಲು ಪ್ರೋಟಿಯೇಸ್. ಒಂದರಿಂದ ಕೆಲಸ ಪೂರ್ತಿಯಾಗುವುದಿಲ್ಲ. ಒಂದು ಕಿಣ್ವ ತೆರೆದ ಬಿರುಕಿನಲ್ಲಿ ಇನ್ನೊಂದು ಒಳಹೊಕ್ಕು, ಗೋಡೆ ತೂತು ಬಿದ್ದಾಗ ಶತ್ರುವಿನ ಜೀವರಸ ಹೊರಗೆ ಸೋರುತ್ತದೆ.

ಸಿಂಪಡಿಸಿದ ಮದ್ದು ತಲುಪದ ಜಾಗ

ಇಂಥ ಜೀವಿಯನ್ನು ಹುಡುಕುವ ಅಗತ್ಯ ಏಕೆ ಬಂತೆಂಬುದನ್ನು ತಿಳಿಯಲು ಮಲೆನಾಡಿನ ಅಡಿಕೆ ತೋಟಗಳತ್ತ ಒಮ್ಮೆ ನೋಡಬೇಕು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವಿವರವಾದ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುವ ಪದ್ಧತಿ ಮಲೆನಾಡಿನಲ್ಲಿ ನೆಲೆಯೂರಿದ್ದು ಆ ಕಾಲದಿಂದ. ಗೊನೆ ಮರದ ಮೇಲಿದೆ, ಮದ್ದು ಅಲ್ಲಿಗೆ ಮುಟ್ಟುತ್ತದೆ.

ಅದೇ 1910ರಲ್ಲಿ ಭಾರತ ಸರ್ಕಾರದ ಶಿಲೀಂಧ್ರತಜ್ಞ ಎಡ್ವಿನ್ ಜಾನ್ ಬಟ್ಲರ್ ತೊಗರಿಯ ಸೊರಗು ರೋಗದ ಬಗ್ಗೆ ತಮ್ಮ ಅಧ್ಯಯನವನ್ನು ಹೊರತಂದರು. ರೋಗ ತರುವ ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರದ ಹೆಸರಿನೊಂದಿಗೆ ಇಂದಿಗೂ ಅವರ ಹೆಸರು ಸೇರಿಕೊಂಡಿದೆ. ಈ ಶಿಲೀಂಧ್ರ ಮಣ್ಣಿನಲ್ಲಿ, ಸತ್ತ ಗಿಡದ ಬೇರು ಕೂಳೆಗಳಲ್ಲಿ ಸುಮಾರು 3 ವರ್ಷ ಬದುಕಿರಬಲ್ಲದು. ಎಳೆಯ ಬೇರಿನ ಮೂಲಕ ಒಳನುಗ್ಗಿ, ನೀರು ಏರುವ ನಾಳಗಳಲ್ಲಿ ಬೆಳೆದು ಅವುಗಳನ್ನು ಕಟ್ಟಿಬಿಡುತ್ತದೆ. ಗಿಡ ಬಾಯಾರಿ ಸಾಯುತ್ತದೆ. ಇಡೀ ಹೊಲದ ಮಣ್ಣಿಗೆ ಮೈಲುತುತ್ತ ಸುರಿಯುವುದು ಯಾರ ಕೈಯಲ್ಲೂ ಆಗದ ಮಾತು.

ಉಳಿದ ದಾರಿಗಳು ಎರಡು. ರೋಗ ತಡೆಯುವ ತಳಿ ಒಂದು. ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಸಂಸ್ಥೆಯಿಂದ ಬಂದ ಮಾರುತಿ ತೊಗರಿ 1980ರ ದಶಕದ ನಡುವೆ ಕರ್ನಾಟಕದ ಹೊಲಗಳಿಗೆ ಇಳಿದದ್ದು ಹೀಗೆ. ಮಣ್ಣಿನಲ್ಲಿಯೇ ಇರುವ ಶತ್ರುವಿನ ಶತ್ರುವನ್ನು ಹುಡುಕುವುದು ಇನ್ನೊಂದು ದಾರಿ. ದೆಹಲಿಯಲ್ಲಿ ಆರ್.ಎಸ್. ವಾಸುದೇವ ಮತ್ತು ಅವರ ಸಹೋದ್ಯೋಗಿ ರಾಯ್, ಮಣ್ಣಿನ ಇತರ ಸೂಕ್ಷ್ಮಜೀವಿಗಳು ತೊಗರಿಯ ಫ್ಯುಸೇರಿಯಂ ಮೇಲೆ ಬೀರುವ ಪರಿಣಾಮವನ್ನು ಕುರಿತು 1950ರಲ್ಲೇ ಬರೆದಿದ್ದರು.

ಕಿತ್ತಳೆ ಸಸಿಯಿಂದ ಸೈನ್ಯದ ಡೇರೆಯವರೆಗೆ

ಟ್ರೈಕೋಡರ್ಮಾ ಎಂಬ ಹೆಸರನ್ನು ಇಟ್ಟವನು ಕ್ರಿಸ್ಟಿಯಾನ್ ಪೆರ್ಸೂನ್, 1794ರಲ್ಲಿ. ಕೊಳೆತ ಮರದ ಮೇಲೆ, ತಿಪ್ಪೆಯಲ್ಲಿ, ಮಣ್ಣಿನಲ್ಲಿ ಹಸಿರು ಪುಡಿಯಂತೆ ಬೆಳೆಯುವ ಈ ಬೂಷ್ಟಿನ ಗುಣ ಮುಂದೆ 138 ವರ್ಷ ಯಾರ ಗಮನಕ್ಕೂ ಸರಿಯಾಗಿ ಬರಲಿಲ್ಲ. ಅಮೆರಿಕದ ರಿಚರ್ಡ್ ವೈಂಡ್ಲಿಂಗ್ 1932ರಲ್ಲಿ ಇದು ಇತರ ಶಿಲೀಂಧ್ರಗಳ ಎಳೆಗಳಿಗೆ ಬಳ್ಳಿಯಂತೆ ಸುತ್ತಿಕೊಂಡು ಅವನ್ನು ಕೊಲ್ಲುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರದಿ ಮಾಡಿದ. ಕ್ಯಾಲಿಫೋರ್ನಿಯಾದ ಕಿತ್ತಳೆ ಜಾತಿಯ ಸಸಿಗಳನ್ನು ಸಾಯಿಸುತ್ತಿದ್ದ ರೈಜೋಕ್ಟೋನಿಯಾ ಎಂಬ ಶಿಲೀಂಧ್ರದ ಮೇಲೆ ಅದನ್ನು ಪ್ರಯೋಗಿಸಿಯೂ ನೋಡಿದ. ಆದರೆ ಅವನಿಗೆ ಮುಖ್ಯವಾಗಿ ಕಂಡದ್ದು ಆ ಬೂಷ್ಟು ಹೊರಬಿಡುವ ವಿಷ. 1936ರಲ್ಲಿ ಅದನ್ನು ಹರಳಾಗಿಯೂ ತೆಗೆದ. ಪೆನಿಸಿಲಿನ್ ಬಂದ ಮೇಲಂತೂ ಬೂಷ್ಟಿನಲ್ಲಿ ಎಲ್ಲರೂ ಹುಡುಕಿದ್ದು ಔಷಧವನ್ನೇ. ಕಿಣ್ವಗಳ ಕಡೆ ಕಣ್ಣು ಹೊರಳಲು ಇನ್ನೂ ನಾಲ್ಕು ದಶಕ ಬೇಕಾಯಿತು.

ಈ ನಡುವೆ ಟ್ರೈಕೋಡರ್ಮಾಕ್ಕೆ ಬೇರೊಂದು ಕಾರಣಕ್ಕೆ ಕುಖ್ಯಾತಿ ಬಂತು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಬೀಡುಬಿಟ್ಟ ಅಮೆರಿಕದ ಸೈನ್ಯದ ಹತ್ತಿಯ ಡೇರೆಗಳು, ಬಟ್ಟೆಬರೆಗಳು ಕೊಳೆತು ಹರಿಯತೊಡಗಿದವು. ಸಾಲೊಮನ್ ದ್ವೀಪಗಳಲ್ಲಿ ಹೀಗೆ ಕೊಳೆತ ಬಟ್ಟೆಯಿಂದ ತೆಗೆದ ಬೂಷ್ಟು ಟ್ರೈಕೋಡರ್ಮಾ. ಹತ್ತಿ ಎಂದರೆ ಬಹುಪಾಲು ಸೆಲ್ಯುಲೋಸ್. ಈ ಬೂಷ್ಟು ಅದನ್ನು ಕತ್ತರಿಸುವ ಕಿಣ್ವಗಳನ್ನು ಧಾರಾಳವಾಗಿ ಸುರಿಯುತ್ತಿತ್ತು. ಸೈನ್ಯದ ಪ್ರಯೋಗಾಲಯದ ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ವರ್ಷಗಟ್ಟಲೆ ಅದರ ಬೆನ್ನು ಹತ್ತಿದರು. 1977ರಲ್ಲಿ ರೀಸ್ ಅವರ ಗೌರವಾರ್ಥ ಅದಕ್ಕೆ ಟ್ರೈಕೋಡರ್ಮಾ ರೀಸೈ ಎಂಬ ಹೆಸರಾಯಿತು. ಬಟ್ಟೆಯ ಶತ್ರುವಾಗಿ ಸೆರೆ ಸಿಕ್ಕ ಈ ಬೂಷ್ಟಿನ ಕಿಣ್ವಗಳೇ ಇಂದು ಹತ್ತಿ ಬಟ್ಟೆಯನ್ನು ನಯಗೊಳಿಸಲು, ಜೀನ್ಸ್ ಬಟ್ಟೆಗೆ ಮಾಸಿದ ಬಣ್ಣ ಕೊಡಲು, ಹುಲ್ಲಿನಿಂದ ಎಥನಾಲ್ ತೆಗೆಯಲು ಬಳಕೆಯಾಗುತ್ತಿವೆ. ರಾಯಚೂರಿನ ಮಾರುಕಟ್ಟೆಗೆ ಬರುವ ಹತ್ತಿಯ ಎಳೆಗೂ ಹೊಲದ ಮಣ್ಣಿನ ಬೂಷ್ಟಿಗೂ ಹೀಗೊಂದು ನಂಟಿದೆ.

ಮುಟ್ಟುವ ಮೊದಲೇ ಮೂಸಿ ನೋಡುವುದು

1970ರ ದಶಕದ ಕೊನೆಯಿಂದ ಇಸ್ರೇಲಿನ ಹೀಬ್ರೂ ವಿಶ್ವವಿದ್ಯಾಲಯದ ಇಲಾನ್ ಚೆಟ್ ಮತ್ತು ಅವರ ಸಂಗಡಿಗರು ಟ್ರೈಕೋಡರ್ಮಾದ ಹಲ್ಲೆಯನ್ನು ಹಂತ ಹಂತವಾಗಿ ಬಿಡಿಸಿದರು. ಸುತ್ತಿಕೊಂಡ ಎಳೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಶತ್ರುವಿನ ಗೋಡೆಯಲ್ಲಿ ಕರಗಿ ಬಿದ್ದ ತೂತುಗಳು ಕಂಡವು. 1992ರಲ್ಲಿ ಅವರ ತಂಡ ಒಂದು ಸೊಗಸಾದ ಪ್ರಯೋಗ ಮಾಡಿತು. ಶೇಂಗಾದ ಬುಡ ಕೊಳೆಸುವ ಸ್ಕ್ಲೆರೋಷಿಯಂ ಶಿಲೀಂಧ್ರದ ಮೈಮೇಲಿನ ಒಂದು ಪ್ರೋಟೀನನ್ನು ನೈಲಾನ್ ದಾರಕ್ಕೆ ಹಚ್ಚಿ ಟ್ರೈಕೋಡರ್ಮಾದ ಎದುರಿಗೆ ಇಟ್ಟರು. ಜೀವವಿಲ್ಲದ ಆ ದಾರಕ್ಕೂ ಬೂಷ್ಟು ಸುತ್ತಿಕೊಂಡಿತು! ಅಂದರೆ ಅದು ಶತ್ರುವಿನ ಮೈಗುರುತನ್ನು ಹಿಡಿದು ಬೇಟೆಯಾಡುತ್ತದೆ.

1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ವಿಯೆನ್ನಾದ ಕ್ರಿಸ್ಟಿಯನ್ ಕುಬಿಚೆಕ್ ಮತ್ತು ಇತರರು, ಶತ್ರುವನ್ನು ಮುಟ್ಟುವ ಮೊದಲೇ ಟ್ರೈಕೋಡರ್ಮಾದಲ್ಲಿ ಒಂದು ಬಗೆಯ ಕೈಟಿನೇಸಿನ ತಯಾರಿ ಶುರುವಾಗುವುದನ್ನು ತೋರಿಸಿದರು. ಟ್ರೈಕೋಡರ್ಮಾ ಸ್ವಲ್ಪ ಕಿಣ್ವವನ್ನು ಸದಾ ಹೊರಗೆ ಬಿಡುತ್ತಿರುತ್ತದೆ. ಅದು ಹತ್ತಿರದ ಶಿಲೀಂಧ್ರದ ಗೋಡೆಯಿಂದ ಚೂರುಗಳನ್ನು ಕತ್ತರಿಸುತ್ತದೆ. ಆ ಚೂರುಗಳು ಹರಿದು ಬಂದು ತಲುಪಿದಾಗ ಬೇಟೆ ಸಮೀಪದಲ್ಲಿದೆ ಎಂಬ ಸುದ್ದಿ ಸಿಗುತ್ತದೆ. ಆಗ ಕಿಣ್ವಗಳ ಪೂರ್ಣ ತಯಾರಿ. ಗೋಡೆ ಇದ್ದಲ್ಲಿ ಮಾತ್ರ ಸಾಮಾನು ಹೊರಗೆ ಬರುತ್ತದೆ, ಇಲ್ಲದಿದ್ದರೆ ಖರ್ಚಿಲ್ಲ.

ವಂಶವಾಹಿಗಳ ಪೂರ್ಣ ಓದು ಸಾಧ್ಯವಾದ ಮೇಲೆ ಕಥೆಗೆ ಮತ್ತೊಂದು ತಿರುವು ಬಂತು. ಬೇರೆ ಶಿಲೀಂಧ್ರಗಳನ್ನು ತಿನ್ನುವುದೇ ಟ್ರೈಕೋಡರ್ಮಾ ವಂಶದ ಮೂಲ ಕಸುಬು ಎಂದು 2011ರ ಹೋಲಿಕೆ ಅಧ್ಯಯನ ಹೇಳಿತು. ಸೆಲ್ಯುಲೋಸ್ ಮೊದಲಾಗಿ ಗಿಡದ ಗೋಡೆಯನ್ನು ಕತ್ತರಿಸುವ ಹಲವು ವಂಶವಾಹಿಗಳನ್ನು ಅದು ತಾನು ತಿಂದ ಶಿಲೀಂಧ್ರಗಳಿಂದಲೇ ಪಡೆದಿರಬೇಕೆಂದು 2018ರ ಅಧ್ಯಯನ ಸೂಚಿಸಿತು. ಸೈನ್ಯದ ಡೇರೆ ಕೊಳೆಸಿದ್ದೂ ರೈತನ ಬೇರು ಕಾಯುವುದೂ ಹೀಗೆ ಒಂದೇ ಹಸಿವಿನ ಎರಡು ಮುಖಗಳು.

ಮೂರು ಊರು, ಮೂರು ಬಗೆಯ ಶತ್ರು

ಪ್ರಯೋಗಾಲಯದ ಈ ತಿಳಿವಳಿಕೆ ಪುಡಿಯ ಪೊಟ್ಟಣವಾಗಿ ಭಾರತದ ರೈತನ ಕೈಗೆ ಬಂದದ್ದು 1990ರ ದಶಕದಲ್ಲಿ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಟಾಲ್ಕ್ ಪುಡಿಯಲ್ಲಿ ಟ್ರೈಕೋಡರ್ಮಾ ಬೆರೆಸುವ ಸುಲಭ ವಿಧಾನವನ್ನು ರೂಢಿಗೆ ತಂದಿತು. 1993ರಲ್ಲಿ ಬೆಂಗಳೂರಿನಲ್ಲಿ ಜೈವಿಕ ನಿಯಂತ್ರಣಕ್ಕೆಂದೇ ರಾಷ್ಟ್ರೀಯ ನಿರ್ದೇಶನಾಲಯವೊಂದು ಆರಂಭವಾಯಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದ್ದ ರಾಯಚೂರು ಆವರಣ 2008ರಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು. ತೊಗರಿ, ಕಡಲೆ, ಮೆಣಸಿನಕಾಯಿಯ ರೋಗಗಳಿಗೆ ಟ್ರೈಕೋಡರ್ಮಾ ಬಳಸುವ ಸಂಶೋಧನೆ ಅಲ್ಲಿ ನಡೆದಿದೆ. ಇದು ಜೀವಿಯೇ ಆದರೂ ಮಾರಾಟಕ್ಕೆ 1968ರ ಕೀಟನಾಶಕ ಕಾಯ್ದೆಯಡಿಯಲ್ಲೇ ನೋಂದಣಿಯಾಗಬೇಕು. ಗ್ರಾಮಿಗೆ ಕನಿಷ್ಠ 20 ಲಕ್ಷ ಜೀವಂತ ಬೀಜಾಣುಗಳು ಇರಬೇಕೆಂಬುದು ನಿಯಮ.

ಒಂದೇ ಜಿಲ್ಲೆಯಾದರೂ ಮೂರು ಊರುಗಳ ಸಮಸ್ಯೆ ಒಂದೇ ಅಲ್ಲ. ರಾಯಚೂರು ಸುತ್ತಿನ ಮಳೆಯಾಶ್ರಿತ ಎರೆ ಹೊಲಗಳಲ್ಲಿ ತೊಗರಿ, ಕಡಲೆ, ಹತ್ತಿಗೆ ಕಾಟ ಕೊಡುವುದು ಫ್ಯುಸೇರಿಯಂ ಬಳಗ. ಅದರ ಗೋಡೆಯಲ್ಲಿ ಕೈಟಿನ್ ಇದೆ. ನಾರಾಯಣಪುರ ಬಲದಂಡೆ ನಾಲೆಯ ನೀರು ಕಂಡ ದೇವದುರ್ಗದ ಕಡೆ ಮೆಣಸಿನ ಬೆಳೆ ಹೆಚ್ಚು. ಮೆಣಸಿನ ಸಸಿ ಮಡಿಯಲ್ಲಿ ಎಳೆಯ ಸಸಿಗಳು ಬುಡ ಕೊಳೆತು ಮಲಗಲು ಪಿಥಿಯಂ ಎಂಬ ಜೀವಿ ಕಾರಣ. ಅದು ನೋಡಲು ಬೂಷ್ಟಿನಂತಿದ್ದರೂ ಬೇರೆ ವಂಶದ್ದು. ಅದರ ಗೋಡೆ ಮುಖ್ಯವಾಗಿ ಗ್ಲೂಕನ್ ಮತ್ತು ಸೆಲ್ಯುಲೋಸಿನದು. ಹತ್ತಿ ಬಟ್ಟೆ ಕರಗಿಸಿದ ಬಗೆಯ ಕಿಣ್ವವೇ ಇಲ್ಲಿ ಕೆಲಸಕ್ಕೆ ಬರುತ್ತದೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ, ಎಡದಂಡೆ ನಾಲೆಯ ನೀರು ಬಂದ ಮೇಲೆ ಮಾನ್ವಿ ಸೀಮೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಭತ್ತದ ಎಲೆಕವಚವನ್ನು ಒಣಗಿಸುವ ರೋಗಕ್ಕೆ ಕಾರಣ ರೈಜೋಕ್ಟೋನಿಯಾ, ಅಂದರೆ ವೈಂಡ್ಲಿಂಗ್ ಕಿತ್ತಳೆ ಸಸಿಗಳಲ್ಲಿ ಕಂಡ ಶತ್ರುವಿನ ಜಾತಿಯೇ. ಆದರೆ ಇಲ್ಲಿ ಹೋರಾಟ ಕಠಿಣ. ಈ ಶಿಲೀಂಧ್ರದ ಗಟ್ಟಿ ಕಾಳಿನಂಥ ಗಂಟುಗಳು ನಿಂತ ನೀರಿನಲ್ಲಿ ತೇಲಿ ಬಂದು ಪೈರಿನ ಬುಡಕ್ಕೆ ಹತ್ತುತ್ತವೆ. ಟ್ರೈಕೋಡರ್ಮಾಕ್ಕೆ ಗಾಳಿ ಬೇಕು. ಸದಾ ನೀರು ನಿಂತ ಕೆಸರಿನಲ್ಲಿ ಅದು ಸೊರಗುತ್ತದೆ. ಎರೆ ಹೊಲದಲ್ಲಿ ಫಲ ಕೊಟ್ಟ ಪೊಟ್ಟಣ ಗದ್ದೆಯಲ್ಲಿ ಅಷ್ಟೇ ಫಲ ಕೊಡಲಿಲ್ಲವೆಂದರೆ ಅದಕ್ಕೆ ಇದೂ ಒಂದು ಕಾರಣ.

ಮದ್ದೆಂದು ತಿಳಿದರೆ ಸೋಲು

ಟ್ರೈಕೋಡರ್ಮಾ ಬಳಸಿ ಬೇಸತ್ತ ರೈತರು ಕಡಿಮೆಯಿಲ್ಲ. ಗಿಡ ಬಾಡಿದ ಮೇಲೆ ನೀರಿನಲ್ಲಿ ಕಲಸಿ ಬುಡಕ್ಕೆ ಸುರಿದು, ಏನೂ ಆಗಲಿಲ್ಲವೆಂದು ಕೈ ಬಿಡುವುದು ಸಾಮಾನ್ಯ. ಆದರೆ ಆ ಹೊತ್ತಿಗೆ ಫ್ಯುಸೇರಿಯಂ ಬೇರಿನ ಒಳಗಿನ ನಾಳದಲ್ಲಿ ಕುಳಿತಿರುತ್ತದೆ. ಹೊರಗಿನ ಮಣ್ಣಿನಲ್ಲಿರುವ ಕಿಣ್ವ ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕಾಗಿಯೇ ಬಿತ್ತುವ ಮೊದಲು ಕಿಲೋ ಬೀಜಕ್ಕೆ 4 ಗ್ರಾಂ ಪುಡಿ ಲೇಪಿಸಬೇಕೆಂಬ ಶಿಫಾರಸು. ಬೀಜದ ಜೊತೆ ಮಣ್ಣಿಗಿಳಿದ ಬೂಷ್ಟು ಮೊಳೆಯುವ ಬೇರಿನ ಸುತ್ತ ಮೊದಲೇ ನೆಲೆಯೂರಿದರೆ ಮಾತ್ರ ಬಾಗಿಲು ಕಾಯಬಲ್ಲದು.

ಎರಡನೆಯ ತಪ್ಪು ವಿಷದ ಜೊತೆ ಬೆರೆಸುವುದು. ಸೊರಗು ರೋಗಕ್ಕೆ ಬಳಸುವ ಕಾರ್ಬೆಂಡೈಜಿಮ್ ಶಿಲೀಂಧ್ರನಾಶಕ ಶತ್ರು ಬೂಷ್ಟು, ಮಿತ್ರ ಬೂಷ್ಟು ಎಂದು ಭೇದ ಮಾಡುವುದಿಲ್ಲ. ಒಂದೇ ದಿನ ಒಂದೇ ಬೀಜಕ್ಕೆ ಎರಡನ್ನೂ ಹಚ್ಚಿದರೆ ಟ್ರೈಕೋಡರ್ಮಾ ಮೊದಲು ಸಾಯುವ ಸಂಭವವೇ ಹೆಚ್ಚು. ಮೂರನೆಯದು ಬಿಸಿಲು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ತಗಡಿನ ಕೆಳಗಿನ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತ ಪೊಟ್ಟಣದಲ್ಲಿ ಬರೀ ಟಾಲ್ಕ್ ಪುಡಿ ಉಳಿದಿರಬಹುದು. ಜೀವಂತ ಬೀಜಾಣುಗಳ ಆಯಸ್ಸು ತಂಪಾದ ಜಾಗದಲ್ಲೇ ಕೆಲವು ತಿಂಗಳು.

ಎಲ್ಲಕ್ಕಿಂತ ದೊಡ್ಡ ಕೊರತೆ ಆಹಾರದ್ದು. ಪೊಟ್ಟಣದ ಬೂಷ್ಟು ಹೊಲಕ್ಕೆ ಬಂದ ಮೇಲೆ ಬೆಳೆದು ಹೆಚ್ಚಬೇಕಾದರೆ ಕೊಳೆಯುವ ಕಸಕಡ್ಡಿ, ತೇವ, ಗಾಳಿ ಬೇಕು. ಒಂದು ಕಿಲೋ ಪುಡಿಯನ್ನು 100 ಕಿಲೋ ಕಳಿತ ತಿಪ್ಪೆಗೊಬ್ಬರದಲ್ಲಿ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿಚೀಲ ಹೊದಿಸಿ ಹತ್ತು ಹದಿನೈದು ದಿನ ಇಟ್ಟು ಹೊಲಕ್ಕೆ ಹಾಕಬೇಕೆನ್ನುವುದು ಈ ಕಾರಣಕ್ಕೆ. ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದ ಊರುಗಳಲ್ಲಿ ತಿಪ್ಪೆಯೂ ಕರಗಿದೆ. ಬೂಷ್ಟನ್ನು ಕೊಂಡು ತಂದರೂ ಅದನ್ನು ಸಾಕುವ ಗೊಬ್ಬರವಿಲ್ಲದ ಪರಿಸ್ಥಿತಿ ಇದು.

ಎರೆ ಹೊಲದಲ್ಲಿ ಜೋಳದ ಸಾಲುಗಳ ನಡುವೆ ತೊಗರಿ ಬಿತ್ತುವ ಹಳೆಯ ಪದ್ಧತಿಯನ್ನು ಇಕ್ರಿಸ್ಯಾಟ್ ವಿಜ್ಞಾನಿಗಳು 1980ರ ದಶಕದಲ್ಲಿ ಅಳೆದು ನೋಡಿದಾಗ, ತೊಗರಿಯೊಂದನ್ನೇ ಬೆಳೆದ ಹೊಲಕ್ಕಿಂತ ಸೊರಗು ಕಡಿಮೆ ಕಂಡಿತು. ಕಾರಣ ತಿಳಿಯದೆಯೂ ಹಿಂದಿನವರು ಮಣ್ಣಿನ ಒಳಗಿನ ಬಲಾಬಲವನ್ನು ತಮ್ಮ ಕಡೆಗೆ ವಾಲಿಸಿಕೊಂಡಿದ್ದರು. ಒಂದೇ ಬೆಳೆಯನ್ನು ಮತ್ತೆ ಮತ್ತೆ ಹಾಕುವ, ಗೊಬ್ಬರ ಮರೆತ ಹೊಲದಲ್ಲಿ ಆ ಬಲ ಫ್ಯುಸೇರಿಯಂ ಕಡೆಗೆ ವಾಲಿದೆ.

ಕಿಣ್ವವನ್ನು ಯಾವ ಅಂಗಡಿಯೂ ರೈತನ ಹೊಲದಲ್ಲಿ ತಯಾರಿಸಿ ಕೊಡಲಾರದು. ಅದನ್ನು ತಯಾರಿಸುವುದು ಹಸಿದ ಬೂಷ್ಟು, ತನ್ನ ಊಟಕ್ಕಾಗಿ. ರೈತನ ಪಾಲಿಗೆ ಉಳಿಯುವುದು ಆ ಜೀವಿ ಬದುಕಿ ಹಸಿಯುವಂತೆ ನೋಡಿಕೊಳ್ಳುವ ಕೆಲಸ: ಪೊಟ್ಟಣದ ತಾರೀಖು ನೋಡುವುದು, ಬಿತ್ತುವ ಮೊದಲೇ ಬೀಜಕ್ಕೆ ಹಚ್ಚುವುದು, ಮನೆಯ ಹಿಂದೆ ತಿಪ್ಪೆಯನ್ನು ಉಳಿಸಿಕೊಳ್ಳುವುದು. ಎಡೆದೊರೆ ನಾಡಿನ ಮಣ್ಣಿನೊಳಗಿನ ಕಾಳಗದಲ್ಲಿ ಮನುಷ್ಯ ಸೈನಿಕನಲ್ಲ. ಸೈನ್ಯಕ್ಕೆ ಅನ್ನ ಹಾಕುವವನು.